ಉದ್ರಿ ಪುಸ್ತಕ

ನಮ್ಮ ಮನೆಗೆ ಬರುವ ನೆಂಟರದೆಲ್ಲ ಒಂದೇ ಪ್ರಶ್ನೆ. ಕೈಕಾಲು ತೊಳೆದು, ಕಾಫಿ ಕುಡಿದು, ಊರಿನ ಸಾವು ಮದುವೆಗಳ ವರದಿಯನ್ನು ಒಪ್ಪಿಸಿ ಮುಗಿದ ಮೇಲೆ, "ಅಲ್ಲಯ್ಯಾ, ನಾಳೆ ಬೆಳಿಗ್ಗೆ ತಿಂಡಿಗೆ ಎಲ್ಲಿಗೆ ಕರ್ಕೊಂಡು ಹೋಗ್ತೀಯ?" ಎನ್ನುತ್ತಾರೆ. ಉತ್ತರವೂ ಅವರ ಜೇಬಿನಲ್ಲೇ ಇರುತ್ತದೆ. 1924ರಿಂದ ನಡೆದು ಬಂದ ಮಾವಳ್ಳಿ ಟಿಫನ್ ರೂಮು, 1943ರಲ್ಲಿ ಶುರುವಾದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, ಮಲ್ಲೇಶ್ವರದ ಸಿ.ಟಿ.ಆರ್. ಬೆಣ್ಣೆ ದೋಸೆ. ಬೆಂಗಳೂರಿಗೆ ಬಂದು ಇಷ್ಟನ್ನು ಮುಗಿಸದೆ ಹೋದರೆ ತಿರುಪತಿಗೆ ಹೋಗಿ ದರ್ಶನವಾಗದೆ ಬಂದ ಹಾಗೆ.

ಒಮ್ಮೆ ನನ್ನ ಸೋದರಮಾವನಿಗೆ, "ಇಲ್ಲೇ ಮತ್ತಿಕೆರೆಯಲ್ಲೇ ಏನಾದರೂ ತಿನ್ನೋಣ ಬಾ ಮಾವ" ಎಂದೆ. ಅವನು ನನ್ನನ್ನು ಮರುಕದಿಂದ ನೋಡಿ, "ಮತ್ತಿಕೆರೆಯಲ್ಲಿ ತಿನ್ನೋಕೆ ಏನಿದೆ, ಮಣ್ಣು?" ಎಂದ.

ನನಗೆ ಸಿಟ್ಟು ಬಂತು. ಹೆಂಡತಿಯ ಕಡೆಯವರನ್ನು ಆಡಿಕೊಂಡರೂ ಸಹಿಸಿಕೊಳ್ಳುವ ನಾನು ಮತ್ತಿಕೆರೆಯನ್ನು ಆಡಿಕೊಂಡರೆ ಸಹಿಸುವುದಿಲ್ಲ. ಆದರೆ ಆ ಸಿಟ್ಟಿನ ಬೇರು ಊರ ಅಭಿಮಾನದಲ್ಲಷ್ಟೇ ಇರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಬಡಾವಣೆಯಲ್ಲಿ ತಿನ್ನಲು ಏನಿದೆ ಎಂಬ ಲೆಕ್ಕ ಒಪ್ಪಿಸಿಬಿಡುತ್ತೇನೆ.

ಒಂದು ಕಡೆ ಯಶವಂತಪುರದ ರೈಲು ನಿಲ್ದಾಣ, ಇನ್ನೊಂದು ಕಡೆ ಹಳಬರೆಲ್ಲ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನ ಸಂಸ್ಥೆ, ಮೇಲುಗಡೆ ಜಾಲಹಳ್ಳಿಯ ಕಾರ್ಖಾನೆಗಳು. ನಡುವೆ ಸಿಕ್ಕಿಕೊಂಡದ್ದು ನಮ್ಮ ಮತ್ತಿಕೆರೆ. 1953ರಲ್ಲಿ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ಜಾಲಹಳ್ಳಿಗೆ ಬಂದವು. ಕಾರ್ಖಾನೆ ಬಂದ ಮೇಲೆ ಕಾರ್ಮಿಕರು ಬಂದರು. ಕಾರ್ಖಾನೆಯ ಕ್ವಾರ್ಟರ್ಸ್ ಸಿಕ್ಕದವರು ಸುತ್ತಲ ಹಳ್ಳಿಗಳಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಹಿಡಿದು ಸಂಸಾರ ಹೂಡಿದರು. ಬೆಳಗಿನ ಪಾಳಿಯ ಸೈರನ್ ಊದುವ ಮೊದಲೇ ಹೊರಡಬೇಕಾದವರು, ರಾತ್ರಿ ಪಾಳಿ ಮುಗಿಸಿ ಕಣ್ಣುಜ್ಜುತ್ತ ಬರುವವರು, ಮದುವೆಯಾಗದೆ ನಾಲ್ಕು ಜನ ಒಂದು ರೂಮಿನಲ್ಲಿ ಇರುವವರು. ಇವರಿಗೆಲ್ಲ ಹೊತ್ತಿಗೆ ಸರಿಯಾಗಿ, ಕಡಿಮೆ ಕಾಸಿಗೆ, ಮನೆಯ ರುಚಿಗೆ ಹತ್ತಿರವಾದದ್ದು ಏನಾದರೂ ಬೇಕು. ನಮ್ಮ ಕಡೆಯ ಹೋಟೆಲುಗಳು ಹುಟ್ಟಿದ್ದು ಹೀಗೆ. ಅವುಗಳ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲ, ಬೋರ್ಡಿನ ಮೇಲೆ ಸ್ಥಾಪನೆಯ ಇಸವಿಯಿಲ್ಲ. ಕೆಲವಕ್ಕೆ ಬೋರ್ಡೇ ಇಲ್ಲ. ದಿನಾ ಬರುವವನಿಗೆ ಬೋರ್ಡು ಯಾಕೆ?

ನನ್ನ ಪ್ರವಾಸ ಬೆಳಗಿನ ಐದೂವರೆಗೆ ಯಶವಂತಪುರದ ಮಾರುಕಟ್ಟೆ ಯಾರ್ಡಿನ ಹತ್ತಿರದಿಂದ ಶುರುವಾಗುತ್ತದೆ. ನಿವೃತ್ತನಾದ ಮೇಲೆ ಡಾಕ್ಟರು ನಡೆಯಲು ಹೇಳಿದರು. ಎಲ್ಲಿಗೆ ನಡೆಯಬೇಕೆಂದು ಅವರು ಹೇಳಲಿಲ್ಲವಾದ್ದರಿಂದ ಅದನ್ನು ನಾನೇ ತೀರ್ಮಾನಿಸಿಕೊಂಡೆ. ಆ ಹೊತ್ತಿನಲ್ಲಿ ಅಲ್ಲಿ ಲಾರಿಗಳ ಸಾಲು, ಈರುಳ್ಳಿ ಬೆಳ್ಳುಳ್ಳಿಗಳ ಘಾಟು, ಬೆನ್ನ ಮೇಲೆ ಮೂಟೆ ಹೊತ್ತು "ಸೈಡ್, ಸೈಡ್" ಎನ್ನುತ್ತ ಓಡುವ ಹಮಾಲಿಗಳು. ಗಾಳಿ ಆ ಕಡೆಯಿಂದ ಬೀಸಿದ ದಿನ ಇದರೊಳಗೇ ಗಂಧದ ಸಾಬೂನಿನ ಕಾರ್ಖಾನೆಯ ಪರಿಮಳವೂ ಬೆರೆತು, ಈರುಳ್ಳಿ ಹಚ್ಚಿದ ಕೈಯಲ್ಲಿ ಯಾರೋ ಕುಂಕುಮ ಇಟ್ಟ ಹಾಗಾಗುತ್ತದೆ.

ಅಲ್ಲಿ ಗೋಡೆಗೆ ಒರಗಿಸಿ ತಗಡು ಹೊದಿಸಿದ ಒಂದು ಮುದ್ದೆ ಹೋಟೆಲಿದೆ. ನಡೆಸುವಾಕೆ ಕುಣಿಗಲ್ ಕಡೆಯವರು. ಎಲ್ಲರೂ ಅಕ್ಕ ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರಾದರೂ. ಬೆಳಿಗ್ಗೆ ಆರಕ್ಕೆಲ್ಲ ಮೊದಲ ಎಸರು ಕುದಿಯುತ್ತಿರುತ್ತದೆ. ಕುದಿಯುವ ನೀರಿಗೆ ಮೊದಲು ಒಂದಿಷ್ಟು ಹಿಟ್ಟನ್ನು ಕದಡಿ ಬಿಟ್ಟು, ಆಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಮುಟ್ಟದೆ ಬೇಯಲು ಬಿಡಬೇಕು. ಅವಸರ ಮಾಡಿದರೆ ಗಂಟು ಉಳಿಯುತ್ತದೆ, ಹಸಿ ವಾಸನೆ ಹೋಗುವುದಿಲ್ಲ. ಬೆಂದ ಮೇಲೆ ಪಾತ್ರೆಯನ್ನು ಎರಡು ಪಾದಗಳ ನಡುವೆ ಅದುಮಿ ಹಿಡಿದು ಅಕ್ಕ ಕೋಲಿನಿಂದ ತೊಳಸುವಾಗ ನೋಡಬೇಕು. ಇಡೀ ಮೈ ಆ ಕೋಲಿನ ಹಿಂದೆ ನಿಂತಿರುತ್ತದೆ. ನಂತರ ಹಲಗೆಯ ಮೇಲೆ ಹಾಕಿ, ನೀರು ಮುಟ್ಟಿದ ಕೈಯಲ್ಲಿ ಉರುಳಿಸಿ ಇಟ್ಟರೆ ಮಳೆಯಲ್ಲಿ ನೆಂದ ಕರಿಗುಂಡಿನ ಹಾಗೆ ಹೊಳೆಯುತ್ತದೆ.

ಜೊತೆಗೆ ಒಂದು ದಿನ ಬಸ್ಸಾರು, ಒಂದು ದಿನ ಹುರುಳಿಕಾಳಿನ ಸಾರು, ಒಂದು ದಿನ ಉಪ್ಪುಸಾರು. ಬಸ್ಸಾರು ಗೊತ್ತಲ್ಲ? ಸೊಪ್ಪು ಕಾಳು ಬೇಯಿಸಿ ಬಸಿದ ನೀರನ್ನೇ ಮಸಾಲೆ ಹಾಕಿ ಸಾರು ಮಾಡಿ, ಬಸಿದುಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುವುದು. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ, ಚೂರೂ ದಂಡವಿಲ್ಲ. ಬಡತನ ಕಲಿಸಿದ ಜಾಣತನವೆಲ್ಲ ಅದರಲ್ಲಿದೆ. ಅಲ್ಲಿ ಊಟ ಮಾಡುವ ಹಮಾಲಿಗಳಲ್ಲಿ ರಾಯಚೂರು, ಯಾದಗಿರಿಯ ಕಡೆಯಿಂದ ಬಂದವರೇ ಹೆಚ್ಚು. ಹೊಸದಾಗಿ ಬಂದವನು ರೊಟ್ಟಿ ಅಗಿದ ಅಭ್ಯಾಸದಲ್ಲಿ ಮುದ್ದೆಯನ್ನೂ ಅಗಿಯಲು ಹೋಗುತ್ತಾನೆ. "ಅಗೀಬ್ಯಾಡ ಕಣಪ್ಪ, ನುಂಗು" ಎಂದು ಅಕ್ಕ ಗದರುತ್ತಾರೆ. ಹದಿನೈದು ದಿನಕ್ಕೆ ಅವನು ನುಂಗುವುದನ್ನು ಕಲಿಯುತ್ತಾನೆ. ಬೆಂಗಳೂರು ಅವನಿಗೆ ಕಲಿಸುವ ಮೊದಲ ಪಾಠ ಅದೇ ಇರಬೇಕು.

ಆ ಹೋಟೆಲಿನ ಪಕ್ಕದಲ್ಲೇ ಹಿಂದೆ ಒಂದು ಸಾರಾಯಿ ಅಂಗಡಿಯಿತ್ತು. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಅದು ಮುಚ್ಚಿತು. "ಸಂಜೆ ವ್ಯಾಪಾರ ಬಿತ್ತು, ಬೆಳಗಿನ ವ್ಯಾಪಾರ ಎದ್ದಿತು" ಎಂದು ಅಕ್ಕ ಅದರ ಚರಿತ್ರೆಯನ್ನು ಒಂದೇ ಸಾಲಿನಲ್ಲಿ ಹೇಳುತ್ತಾರೆ. ಒಲೆಯ ಹಿಂದಿನ ಗೋಡೆಗೆ ಒಂದು ಮೊಳೆ, ಮೊಳೆಗೆ ದಾರ, ದಾರಕ್ಕೆ ಎಣ್ಣೆ ಜಿಡ್ಡು ಹತ್ತಿದ ಒಂದು ನೋಟುಪುಸ್ತಕ. ಈಗೀಗ ಅದರ ಪಕ್ಕದಲ್ಲೇ ಮೊಬೈಲಿನಲ್ಲಿ ದುಡ್ಡು ಕಳಿಸುವ ಚೌಕುಳಿ ಚಿತ್ರವನ್ನೂ ಅಂಟಿಸಿದ್ದಾರೆ. ಆದರೂ ನೋಟುಪುಸ್ತಕ ಕೆಳಗಿಳಿದಿಲ್ಲ.

ಅಲ್ಲಿಂದ ರೈಲು ಹಳಿ ದಾಟಿ ನಮ್ಮ ಕಡೆಗೆ ಬಂದರೆ ಕಾಫಿಪುಡಿ ಅಂಗಡಿ. ಮಾರುವುದು ಪುಡಿಯಾದರೂ, ಬೀಜ ಹುರಿಯುವ ಹೊತ್ತಿಗೆ ಹೋದರೆ ರುಚಿ ನೋಡಲು ಒಂದು ಸಣ್ಣ ಲೋಟ ಸಿಕ್ಕುತ್ತದೆ. ಅಂಗಡಿಯ ಯಜಮಾನರಿಗೆ ಯಾವ ಮನೆಗೆ ಎಷ್ಟು ಚಿಕೋರಿ ಎಂಬುದು ಬಾಯಿಪಾಠ. ಯಾವ ಮನೆಯ ಸ್ಥಿತಿಗತಿ ಹೇಗಿದೆ ಎಂಬುದೂ ಅದರಿಂದಲೇ ಅವರಿಗೆ ತಿಳಿಯುತ್ತದಂತೆ. ಕೈ ಬಿಗಿಯಾದಾಗ ಜನ ಮೊದಲು ಚಿಕೋರಿ ಹೆಚ್ಚಿಸುತ್ತಾರೆ. ಇನ್ನೂ ಬಿಗಿಯಾದರೆ ಕಾಲು ಕಿಲೋ ಬದಲು ನೂರು ಗ್ರಾಂ ಒಯ್ಯುತ್ತಾರೆ. ಬೆಂಗಳೂರಿನವರು ಬೈಟೂ ಕಾಫಿ ಕುಡಿಯುವುದನ್ನು ಕಂಡು ಹೊರಗಿನವರು ಜಿಪುಣರೆಂದು ನಗುತ್ತಾರೆ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡರೆ ಅರ್ಧ ಗಂಟೆ ಮಾತಾಡಬಹುದು, ಮತ್ತೆ ಇನ್ನೊಂದು ಬೈಟೂ ತರಿಸಿ ಇನ್ನರ್ಧ ಗಂಟೆ ಕೂರಬಹುದು ಎಂಬ ಗುಟ್ಟು ಅವರಿಗೆ ಗೊತ್ತಿಲ್ಲ.

ಹನ್ನೊಂದು ಗಂಟೆಗೆ ಬೇಕರಿ. ಈ ಅಯ್ಯಂಗಾರ್ ಬೇಕರಿಗಳ ಮೂಲ ಹಾಸನದ ಕಡೆ. ಬೆಂಗಳೂರಿನಲ್ಲಿ ಮೊದಲನೆಯದು 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾಯಿತು. ಈಗ ಪ್ರತಿ ಬೀದಿಗೂ ಒಂದು. ನಮ್ಮ ಬೀದಿಯದರ ಬೋರ್ಡಿನಲ್ಲಿ ಅಯ್ಯಂಗಾರರು, ಗಲ್ಲಾದಲ್ಲಿ ಗೌಡರು. ಕೇಕಿಗೆ ಮೊಟ್ಟೆ ಹಾಕುವುದಿಲ್ಲ ಎಂಬ ಒಂದು ನೇಮವನ್ನು ಮಾತ್ರ ಗೌಡರು ಅಯ್ಯಂಗಾರರಿಗಿಂತ ನಿಷ್ಠೆಯಿಂದ ಪಾಲಿಸುತ್ತಾರೆ. ಖಾರಾ ಬನ್ನು, ದಿಲ್‌ಪಸಂದು, ಬೆಣ್ಣೆ ಬಿಸ್ಕತ್ತು, ಗುಲಾಬಿ ಬಣ್ಣದ ಜಾಮು ಬಳಿದ ಹನಿ ಕೇಕು. ಕಾವಲಿಯ ಮೇಲೆ ಬ್ರೆಡ್ಡನ್ನು ಬೆಣ್ಣೆಯಲ್ಲಿ ಕಾಯಿಸಿ, ಈರುಳ್ಳಿ, ಕ್ಯಾರೆಟ್, ದಪ್ಪ ಮೆಣಸಿನಕಾಯಿಗಳ ಪಲ್ಯ ಹಾಕಿಕೊಡುವ ಟೋಸ್ಟನ್ನು ಹಳೆಯ ಪತ್ರಿಕೆಯ ಚೂರಿನ ಮೇಲೆ ಇಟ್ಟುಕೊಂಡು ನಿಂತು ತಿನ್ನಬೇಕು. ತಟ್ಟೆಯಲ್ಲಿ ಕೊಟ್ಟರೆ ಅದಕ್ಕೆ ಆ ರುಚಿ ಬರುವುದಿಲ್ಲ.

ಸಂಜೆಗೆ ದೇವಸ್ಥಾನದ ಮೂಲೆಯ ಬಜ್ಜಿ ಗಾಡಿ. ಅದಕ್ಕೆದುರಾಗಿ ಕಾಂಡಿಮೆಂಟ್ಸ್. ಇಂಗ್ಲಿಷ್ ಬಲ್ಲವರು ಆ ಹೆಸರು ಕೇಳಿ ಏನು ತಿಳಿಯುತ್ತಾರೋ ಕಾಣೆ. ನಮಗೆ ಮಾತ್ರ ಕಾಂಡಿಮೆಂಟ್ಸ್ ಎಂದರೆ ಗಾಜಿನ ಭರಣಿಗಳ ಸಾಲು, ಅದರೊಳಗೆ ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ. ಇನ್ನೂ ಮುಂದೆ ಹೋದರೆ ಬಾಗಲಕೋಟೆಯ ದಂಪತಿ ನಡೆಸುವ ಖಾನಾವಳಿ. ಜೋಳದ ರೊಟ್ಟಿ ಬಡಿಯುವ ಸಪ್ಪಳವೇ ಅದರ ಬೋರ್ಡು. ಟಾಟಾ ಇನ್‌ಸ್ಟಿಟ್ಯೂಟಿನ ಹುಡುಗರು ಅಲ್ಲಿ ಎಣ್ಣೆಗಾಯಿ ತಿನ್ನುತ್ತ, ನಮಗೆ ಯಾರಿಗೂ ಅರ್ಥವಾಗದ ವಿಷಯಕ್ಕೆ ಜಗಳವಾಡುತ್ತಿರುತ್ತಾರೆ.

ಇಷ್ಟೆಲ್ಲ ಮತ್ತಿಕೆರೆಯಲ್ಲಿದೆ ಎಂದು ಮಾವನಿಗೆ ಹೇಳಿದೆ. "ನಿನಗೆ ಇವೆಲ್ಲ ಹೇಗೆ ಗೊತ್ತು? ಬ್ಯಾಂಕಿನಲ್ಲಿ ಕೆಲಸ ಮಾಡಿದ್ದೋ, ಬೀದಿ ಸುತ್ತಿದ್ದೋ?" ಎಂದ. ನಕ್ಕು ಸುಮ್ಮನಾದೆ. ಅವನಿಗೆ ಹೇಳದ್ದನ್ನು ಈಗ ನಿಮಗೆ ಹೇಳುತ್ತೇನೆ.

ಈಗ ಬೇಕರಿ ಇರುವ ಜಾಗಕ್ಕೆ ಎರಡು ಮನೆ ಆಚೆ, ನನ್ನ ಹುಡುಗತನದಲ್ಲಿ ಒಂದು ಇಡ್ಲಿ ಹೋಟೆಲಿತ್ತು. ಕಲ್ನಾರಿನ ಶೀಟಿನ ಸೂರು, ಕಡಪ ಕಲ್ಲಿನ ಮೂರು ಮೇಜು, ಅಲ್ಲಾಡುವ ಬೆಂಚುಗಳು. 1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಬಂದು ಬೆಂಗಳೂರಿಗೆ ನಿಂತುಕೊಂಡು ತಿನ್ನುವುದನ್ನು ಕಲಿಸುವುದಕ್ಕೆ ಇನ್ನೂ ಸಮಯವಿತ್ತು. ಕೂತೇ ತಿನ್ನುತ್ತಿದ್ದೆವು. ನಡೆಸುತ್ತಿದ್ದವರು ಕುಂದಾಪುರದ ಕಡೆಯವರು. ಆ ಕಡೆಯಿಂದ ಬಂದು ಹೋಟೆಲಿಟ್ಟವರನ್ನೆಲ್ಲ ನಾವು ಭಟ್ರು ಎಂದೇ ಕರೆಯುತ್ತಿದ್ದೆವು. ಅವರ ನಿಜವಾದ ಹೆಸರೇನೆಂದು ನಾವು ಯಾರೂ ಕೇಳಿರಲಿಲ್ಲ. ಗಲ್ಲಾದ ಮೇಲುಗಡೆ ದೇವರ ಪಟ, ಅದರ ಕೆಳಗೆ "ಇಂದು ನಗದು, ನಾಳೆ ಉದ್ರಿ" ಎಂಬ ರಟ್ಟು, ರಟ್ಟಿನ ಕೆಳಗೆ ಉದ್ರಿ ಪುಸ್ತಕ. ಈ ಮೂರೂ ಒಟ್ಟಿಗೆ ಇದ್ದುದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ಕಾರ್ಖಾನೆಯವರೆಲ್ಲ ತಿಂಗಳಿಡೀ ತಿಂದು, ಬರೆಸಿ, ಸಂಬಳದ ದಿನ ತೀರಿಸುತ್ತಿದ್ದರು. ನಮ್ಮಪ್ಪನ ಹೆಸರಿನಲ್ಲೂ ಅದರಲ್ಲಿ ಒಂದು ಪುಟವಿತ್ತು.

1980ರ ಡಿಸೆಂಬರಿನ ಕೊನೆಯ ವಾರ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ ಮುಷ್ಕರ ಶುರುವಾಯಿತು. ಐ.ಟಿ.ಐ., ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಬಿ.ಇ.ಎಂ.ಎಲ್. ಎಲ್ಲ ಕಡೆ. ನಮ್ಮಪ್ಪ ಇವುಗಳಲ್ಲೊಂದರಲ್ಲಿ ಫಿಟ್ಟರ್. ಹದಿನೈದು ದಿನದಲ್ಲಿ ಮುಗಿಯುತ್ತದೆ ಎಂದರು. ಸಂಕ್ರಾಂತಿಗೆ ಮುಗಿಯುತ್ತದೆ ಎಂದರು. 77 ದಿನ ನಡೆದು, ಮುಗಿದದ್ದು ಮಾರ್ಚಿಯಲ್ಲಿ. ಅಷ್ಟು ದಿನ ನಮ್ಮ ಬೀದಿಗೆ ಬೀದಿಯೇ ಸಂಬಳವಿಲ್ಲದೆ ಇತ್ತು. ಬೆಳಿಗ್ಗೆ ಸೈರನ್ ಇಲ್ಲದ್ದರಿಂದ ಗಂಟೆ ಎಷ್ಟಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಗಂಡಸರು ಮನೆ ಜಗುಲಿಗಳ ಮೇಲೆ ಕೂತು ಒಂದೇ ಪೇಪರನ್ನು ಹತ್ತು ಸಲ ಓದುತ್ತಿದ್ದರು. ನಮ್ಮಮ್ಮನ ಬಳೆ ಸಂಕ್ರಾಂತಿಗೆ ಮೊದಲೇ ಮಾರವಾಡಿ ಅಂಗಡಿಗೆ ಹೋಯಿತು. ಮನೆಯಲ್ಲಿ ಬೆಳಗಿನ ತಿಂಡಿ ನಿಂತಿತು. ಮಧ್ಯಾಹ್ನ ಒಂದು ಊಟ, ರಾತ್ರಿ ಗಂಜಿ.

ಅಪ್ಪ ಮಾನಿಷ್ಠ. ತೀರಿಸಲಾಗದ ಉದ್ರಿ ಬರೆಸಬಾರದೆಂದು ಮುಷ್ಕರ ಶುರುವಾದ ದಿನವೇ ಭಟ್ಟರ ಹೋಟೆಲಿಗೆ ಹೋಗುವುದನ್ನು ಬಿಟ್ಟರು. ಡಿಸೆಂಬರಿನ ಬಾಕಿ ಹಾಗೇ ಉಳಿದಿತ್ತು. ನಾನು ಆ ವರ್ಷ ಎಸ್.ಎಸ್.ಎಲ್.ಸಿ. ಹೋಟೆಲಿನ ಮುಂದಿನಿಂದಲೇ ಶಾಲೆಗೆ ಹೋಗಬೇಕು. ಬೆಂದ ಇಡ್ಲಿಯ ಆವಿ ಬೀದಿಗೆ ಬರುವಾಗ ಉಸಿರು ಹಿಡಿದು ನಡೆಯುತ್ತಿದ್ದೆ. ಜನವರಿಯ ನಡುವೆ ಒಂದು ದಿನ ಭಟ್ಟರು ಗಲ್ಲಾದಿಂದಲೇ ಕೂಗಿದರು: "ಹ್ವಾಯ್ ಮಾಣಿ, ಇಲ್ಲಿ ಬಾ."

ಅಪ್ಪನ ಬಾಕಿ ಕೇಳುತ್ತಾರೆಂದು ಹೆದರಿ ಹೋದೆ.

"ಅಪ್ಪಯ್ಯ ಈಗ ಬತ್ತಿಲ್ಲೆ ಅಲ್ದಾ?"

"ಹುಷಾರಿಲ್ಲ" ಎಂದೆ.

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗಿನ ಹುಡುಗನಿಗೆ, "ಮಾಣಿಗೆ ಎರಡು ಇಡ್ಲಿ" ಎಂದರು. ಬೇಡವೆಂದೆ. ದುಡ್ಡಿಲ್ಲವೆಂದೆ. "ದುಡ್ಡು ಯಾರು ಕೇಳಿದ್ದು? ಓದು ಮಕ್ಕಳು ಖಾಲಿ ಹೊಟ್ಟಿಯಂಗೆ ಇಪ್ಪುಕಾಗ. ಬರೆದಿಟ್ಟುಕೊಳ್ತೆ" ಎಂದು ಉದ್ರಿ ಪುಸ್ತಕ ತೆಗೆದು, ಒಂದು ಹೊಸ ಪುಟದ ಮೇಲೆ "ಮಾಣಿ" ಎಂದು ಬರೆದರು. ಅಪ್ಪನ ಪುಟ ಬೇರೆ, ನನ್ನದು ಬೇರೆ. ಹದಿನೈದು ವರ್ಷದ ಹುಡುಗನಿಗೆ ತನ್ನದೇ ಒಂದು ಪುಟ. ಅಂದು ನನಗಾದ ಜಂಬವನ್ನು ಮುಂದೆ ಬ್ಯಾಂಕಿನಲ್ಲಿ ಮ್ಯಾನೇಜರ್ ಆದಾಗಲೂ ನಾನು ಕಾಣಲಿಲ್ಲ.

ಎರಡು ಇಡ್ಲಿಗೆ 50 ಪೈಸೆ, ಅರ್ಧ ಕಾಫಿಗೆ 35 ಪೈಸೆ. ದಿನಕ್ಕೆ 85 ಪೈಸೆ. 41 ದಿನ ತಿಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ತಂಗಿ ಹಸಿದು ಕೂತಿರುವಾಗ ನಾನೊಬ್ಬನೇ ತಿಂದು ಹೋಗುತ್ತಿದ್ದೇನೆಂಬುದು ಇಡ್ಲಿಯ ಜೊತೆಯಲ್ಲೇ ಗಂಟಲಿಗೆ ಸಿಕ್ಕುತ್ತಿತ್ತು. ಆದರೂ ತಿಂದೆ. ಗಣಿತದ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ನನ್ನ ಲೆಕ್ಕ ನಾನೂ ಬರೆದಿಟ್ಟುಕೊಂಡೆ. ಒಟ್ಟು 34 ರೂಪಾಯಿ 85 ಪೈಸೆ.

ಮುಷ್ಕರ ಮುಗಿಯಿತು. ಸೈರನ್ ಕೂಗಿದ ಬೆಳಿಗ್ಗೆ ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಂತು ಕೇಳಿದರು. ನನಗೆ ಮಾತ್ರ ಆ ಸದ್ದು ಬೇರೆಯೇ ಕೇಳಿತು. ಇನ್ನು ಬಾಕಿ ತೀರಿಸಬೇಕು. ಅಪ್ಪನಿಗೆ ಹೇಳಬೇಕು. ಹೇಳಿದರೆ ತಂಗಿಯ ಮುಖ ನೋಡಬೇಕು. ನಾಳೆ ಹೇಳುತ್ತೇನೆ ಎಂದುಕೊಂಡೆ. ಭಟ್ಟರ ರಟ್ಟಿನ ಹಾಗೆ ನನ್ನ ನಾಳೆಯೂ ಬರಲಿಲ್ಲ. ಹೋಟೆಲಿನ ಮುಂದೆ ಹೋಗಲು ನಾಚಿಕೆಯಾಗಿ, ಹಿಂದಿನ ಓಣಿಯಿಂದ ಸುತ್ತಿಕೊಂಡು ಶಾಲೆಗೆ ಹೋದೆ. ಪರೀಕ್ಷೆ ಮುಗಿಯಿತು. ಕಾಲೇಜಿಗೂ ಆ ಓಣಿಯಿಂದಲೇ ಹೋದೆ. ದಿನಕ್ಕೆ ಹತ್ತು ನಿಮಿಷದ ಸುತ್ತು, ಆರು ವರ್ಷ. ನಮ್ಮ ಬಡಾವಣೆಯ ಓಣಿಗಳೆಲ್ಲ, ಓಣಿಯೊಳಗಿನ ಗಾಡಿಗಳೆಲ್ಲ, ಬೋರ್ಡಿಲ್ಲದ ಹೋಟೆಲುಗಳೆಲ್ಲ ನನಗೆ ಗೊತ್ತಾದದ್ದು ಹೀಗೆ. ಮಾವನ ಪ್ರಶ್ನೆಗೆ ಇದೇ ಉತ್ತರ.

1987ರಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ನೂರು ರೂಪಾಯಿಯ ನೋಟೊಂದನ್ನು ಬೇರೆ ಮಡಿಸಿಟ್ಟುಕೊಂಡು, ಆರು ವರ್ಷದ ಮೇಲೆ ನೇರ ಬೀದಿಯಲ್ಲಿ ನಡೆದು ಹೋದೆ. ಹೋಟೆಲಿದ್ದ ಜಾಗದಲ್ಲಿ ಸಿಮೆಂಟು ಬಣ್ಣದ ಅಂಗಡಿ. ಭಟ್ಟರು ಎಲ್ಲವನ್ನೂ ಮಾರಿ ಊರಿಗೆ ಹೋಗಿ ಎರಡು ವರ್ಷವಾಯಿತಂತೆ. "ಯಾವ ಊರು?" ಎಂದೆ. "ಕುಂದಾಪುರದ ಕಡೆ ಯಾವುದೋ ಹಳ್ಳಿ" ಎಂದ ಅಂಗಡಿಯವನು. "ಹೆಸರೇನು ಅವರದು?" "ಭಟ್ರು ಅಂತಲೇ ಅಲ್ಲವಾ ಸಾರ್?"

ಮುಂದೆ ಮೂವತ್ತೆಂಟು ವರ್ಷ ನನ್ನ ಕೆಲಸ ಸಾಲದ್ದೇ. ಸಾಲ ಕೊಡುವುದು, ವಸೂಲಿಗೆ ಕಾಗದ ಬರೆಯುವುದು, ಕಟ್ಟದವರ ಮನೆಗೆ ಹೋಗಿ ಬಾಗಿಲು ಬಡಿಯುವುದು. ನನ್ನನ್ನು ದೂರದಿಂದ ಕಂಡು ಪಕ್ಕದ ಓಣಿಗೆ ನುಗ್ಗುವವರನ್ನು ಎಷ್ಟೋ ಸಲ ನೋಡಿದ್ದೇನೆ. ಜೊತೆಗಿದ್ದವರು "ಕಳ್ಳ, ನೋಡಿ ಸಾರ್ ಹೇಗೆ ಓಡ್ತಾನೆ" ಎನ್ನುತ್ತಿದ್ದರು. ನಾನು ಏನೂ ಹೇಳುತ್ತಿರಲಿಲ್ಲ. ಓಣಿಯ ದಾರಿ ನನಗೆ ಗೊತ್ತಿತ್ತು.

1999ರಲ್ಲಿ ಅಪ್ಪ ಹಾಸಿಗೆ ಹಿಡಿದರು. ರಾತ್ರಿ ನಿದ್ದೆ ಬಾರದಾಗ ಹಳೆಯ ಮಾತು ತೆಗೆಯುತ್ತಿದ್ದರು. ಒಂದು ರಾತ್ರಿ ಮುಷ್ಕರದ ಮಾತು ಬಂತು. "ಕೆಲಸ ಶುರುವಾಗಿ ಮೊದಲ ಸಂಬಳ ಬಂದ ಸಂಜೆಯೇ ಭಟ್ಟರ ಬಾಕಿ ಕೊಟ್ಟುಬಂದೆ" ಎಂದರು. ನನ್ನ ಎದೆ ಡವಗುಟ್ಟಿತು. "ಎಷ್ಟಾಗಿತ್ತು?" ಎಂದೆ. "ಡಿಸೆಂಬರದ್ದು, ಇಪ್ಪತ್ತೆಂಟು ಚಿಲ್ಲರೆ. ಪುಟದ ಮೇಲೆ ಗೀಟು ಹಾಕಿದರು. ಅಷ್ಟೇನಾ ಅಂದೆ. ಅಷ್ಟೇ ಅಂದರು." ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪ ಮತ್ತೆ ಹೇಳಿದರು: "ಹೊರಡುವಾಗ ಒಂದು ಮಾತು ಕೇಳಿದರು. ಮಾಣಿ ಯಾಕೆ ಈ ಕಡೆ ಬರ್ತಾ ಇಲ್ಲ ಅಂತ. ಪರೀಕ್ಷೆ ಇದೆ, ಓದ್ತಾನೆ ಅಂದೆ. ಯಾಕೆ ಕೇಳಿದರೋ."

ನಾನು ಅಪ್ಪನ ಹೊದಿಕೆ ಸರಿಮಾಡಿ ಹೊರಗೆ ಬಂದು ಕೂತೆ. ದುಡ್ಡು ಹಿಡಿದು ನಿಂತಿದ್ದ ಅಪ್ಪನ ಮುಂದೆ ನನ್ನ ಪುಟ ತೆರೆಯದೆ ಬಿಟ್ಟಿದ್ದರು ಭಟ್ಟರು. ಅವರು ಕೇಳಿದ್ದು ದುಡ್ಡನ್ನಲ್ಲ, ನನ್ನನ್ನು. ಆ ಪ್ರಶ್ನೆ ನನ್ನ ತನಕ ಬಂದು ಮುಟ್ಟಲು ಹದಿನೆಂಟು ವರ್ಷ ಹಿಡಿಯಿತು.

ಅಪ್ಪನಿಗೆ ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ತಂಗಿಗೆ ಹೇಳಿದೆ, ಎಷ್ಟೋ ವರ್ಷದ ಮೇಲೆ. ಅವಳು ನಕ್ಕು, "ನಿನ್ನ ಬಾಯಲ್ಲಿ ಕಾಫಿ ವಾಸನೆ ಬರ್ತಿತ್ತು ಕಣೋ. ನನಗೆ ಗೊತ್ತಿತ್ತು" ಎಂದಳು.

ಈಗ ಮತ್ತೆ ಮುದ್ದೆ ಹೋಟೆಲಿಗೆ ಬರುತ್ತೇನೆ. 2020ರ ಮಾರ್ಚಿಯಲ್ಲಿ ಕೊರೋನಾ ಬಂದು ದೇಶವೆಲ್ಲ ಬಾಗಿಲು ಹಾಕಿತಲ್ಲ, ಅಕ್ಕನ ಹೋಟೆಲೂ ಮುಚ್ಚಿತು. ಹಮಾಲಿಗಳು ಸಿಕ್ಕ ಲಾರಿ ಹತ್ತಿ, ಕೆಲವರು ನಡೆದೇ, ತಮ್ಮ ಊರುಗಳಿಗೆ ಹೋದರು. ತಿಂಗಳುಗಳ ಮೇಲೆ ಒಲೆ ಹೊತ್ತಿದಾಗ ನಾನು ಹೋದೆ. ಗಿರಾಕಿಗಳು ನಾಲ್ಕೇ ಜನ. ಮೊಳೆಯಲ್ಲಿ ಅದೇ ನೋಟುಪುಸ್ತಕ. ಅಕ್ಕ ಅದನ್ನು ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಪುಟ ತಿರುಗಿಸುತ್ತಿದ್ದರು.

"ಅರ್ಧಕ್ಕರ್ಧ ಜನ ಬಾಕಿ ಮಡಗೇ ಹೋಗವ್ರೆ ಸಾರ್" ಎಂದರು.

"ಎಷ್ಟಾಗುತ್ತೆ ಅಕ್ಕ?"

"ಕೂಡಿಲ್ಲ. ಕೂಡಿದ್ರೆ ಒಟ್ಟೆ ಉರೀತದೆ ಅಂತ ಸುಮ್ಕಿದೀನಿ."

ನನಗೆ ಒಂದು ಯೋಚನೆ ಬಂತು. ನಲವತ್ತು ವರ್ಷದಿಂದ ಹೊತ್ತದ್ದನ್ನು ಇಳಿಸಿಕೊಳ್ಳುವ ದಾರಿ ಸಿಕ್ಕಿತೆಂದು ಒಳಗೇ ಹಿಗ್ಗಿದೆ. "ಅಕ್ಕ, ಅದರಲ್ಲಿ ಒಂದು ಪುಟದ್ದು ನಾನು ಕೊಡ್ತೀನಿ. ಯಾರದ್ದಾದರೂ ಸರಿ" ಎಂದೆ.

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಾದರೋ ಎಂದುಕೊಂಡೆ.

"ಅವ್ರ ಲೆಕ್ಕ ನೀವ್ಯಾಕೆ ಕಟ್ತೀರ ಸಾರ್? ನಾಳೆ ಅವ್ರು ಬಂದ್ರೆ ನಾನೇನಂತ ಯೋಳ್ಲಿ? ನಿನ್ ಲೆಕ್ಕ ಯಾರೋ ತೀರಿಸವ್ರೆ ಹೋಗು ಅನ್ಲಾ?" ಎಂದು, ಪುಸ್ತಕವನ್ನು ಮತ್ತೆ ಮೊಳೆಗೆ ತಗುಲಿಸಿದರು. "ಬಾಕಿ ಐತೆ ಅಂದ್ರೆ ಬರ್ತಾರೆ ಬುಡಿ. ಕೂತ್ಕಳಿ, ಮುದ್ದೆ ಆರೋಯ್ತದೆ."

ಕೂತು ತಿಂದೆ. ಹಣ ಕೊಟ್ಟು ಎದ್ದೆ. ಆ ವರ್ಷ ದೀಪಾವಳಿಯ ಹೊತ್ತಿಗೆ ಒಬ್ಬೊಬ್ಬರೇ ಬರತೊಡಗಿದರು. ಬರದವರೂ ಇದ್ದಾರೆ. ಅವರ ಪುಟಗಳಿಗೆ ಅಕ್ಕ ಇವತ್ತಿಗೂ ಗೀಟು ಹಾಕಿಲ್ಲ. ಪುಸ್ತಕ ತುಂಬಿ ಹೊಸದು ತಂದಾಗ ಹಳೆಯದನ್ನೂ ಅದೇ ದಾರಕ್ಕೆ ಪೋಣಿಸಿದ್ದಾರೆ.

ಕುಂದಾಪುರದ ಕಡೆಯ ಯಾವುದೋ ಮನೆಯ ಅಟ್ಟದ ಮೇಲೆ ಒಂದು ಹಳೆಯ ಉದ್ರಿ ಪುಸ್ತಕ ಇದ್ದರೂ ಇರಬಹುದು. ಇಲ್ಲ, ಒಲೆಗೆ ಹಾಕಿ ನೀರು ಕಾಯಿಸಿಕೊಂಡಿದ್ದರೂ ಇರಬಹುದು. ನನ್ನ ಗಣಿತದ ನೋಟುಪುಸ್ತಕ ಮಾತ್ರ ಜೋಪಾನವಾಗಿದೆ. ಮುಂದಿನ ಸಲ ಮಾವ ಬಂದಾಗ ಸಿ.ಟಿ.ಆರ್.ಗೇ ಕರೆದುಕೊಂಡು ಹೋಗುತ್ತೇನೆ. ಬೆಣ್ಣೆ ದೋಸೆ ನನಗೂ ಇಷ್ಟವೇ. ಬರುವಾಗ ಮಾತ್ರ ರೈಲು ಹಳಿಯ ಈಚೆ ಇಳಿಸಿ, ನೇರ ಬೀದಿಯಲ್ಲೇ ನಡೆಸಿಕೊಂಡು ಬರುತ್ತೇನೆ.